ಹಳದಿ, ಅರೆಹೊಳಪು

ವುಲ್ವರ್‌ಹ್ಯಾಂಪ್ಟನ್ನಿನ ಕಾಲುವೆ ಪಕ್ಕ, ಏಳನೇ ನಂಬರಿನ ಶೆಡ್ಡು.
ಬಾಗಿಲು ತೆರೆದರೆ ಮೊದಲು ವಾಸನೆ:
ಸುಟ್ಟ ಗ್ರೀಸು, ತರ್ಸೇಮನ ಏಲಕ್ಕಿ ಚಹ.
ಇಲ್ಲಿ ಬಣ್ಣ ಒದ್ದೆಯಲ್ಲ. ಹಿಟ್ಟು.
ಜರಡಿ ಹಿಡಿದು, ಕಬ್ಬಿಣಕ್ಕೆ ಊದಿ, ಬೇಯಿಸುತ್ತೇವೆ.
ಅಡುಗೆ ಬಾರದವರ ಕೆಲಸವಲ್ಲ ಅನ್ನುತ್ತಾನೆ ತರ್ಸೇಮ,
ಮೊಟ್ಟೆ ಬೇಯಿಸಲೂ ಬಾರದವನು.

ಮಂಗಳವಾರ ಎನಿಡ್ ಫೆಲೋಸ್ ಬಂದಳು.
ಎಂಬತ್ತನಾಲ್ಕು ವರ್ಷ. ಬಸ್ಸಿನಲ್ಲಿ,
ಫ್ರೇಮನ್ನು ವ್ಯಾನಿಟಿ ಬ್ಯಾಗಿನಂತೆ ಹೆಗಲಿಗೆ ಹಾಕಿಕೊಂಡು.
ಸೈಕಲ್ ಹತ್ತಿಸಲ್ಲ ಅಂದನಂತೆ ಡ್ರೈವರು.
‘ಚಕ್ರ ಎಲ್ಲಿದೆ ತೋರಿಸು’ ಅಂದಳಂತೆ.
ಗಂಡ ಸಿರಿಲನದು. ಅರವತ್ತೆರಡರದು.
‘ಕಪ್ಪೇ ಮಾಡು. ಅವನಿಗೆ ಕಪ್ಪೇ.
ನಲವತ್ತು ವರ್ಷ ಬೀಗದ ಕಾರ್ಖಾನೆಗೆ ಇದರಲ್ಲೇ ಹೋದ,
ಒಂದು ಸಲವೂ ಬಿದ್ದವನಲ್ಲ.’

ಬುಧವಾರ ಮರಳಿನ ಗಾಳಿಗೆ ಒಡ್ಡಿದೆ.
ಕಪ್ಪಿನಡಿ ಇನ್ನೊಂದು ಕಪ್ಪು. ಅದರಡಿ ಪಾಚಿ ಹಸಿರು.
ಆಮೇಲೆ ಬೂದು ಬಣ್ಣದ ಬೆತ್ತಲೆ ಉಕ್ಕು,
ಕೊಳವೆ ಕೂಡುವಲ್ಲೆಲ್ಲ ಹಿತ್ತಾಳೆ ಬೆಸುಗೆಯ ಗೆರೆ,
ಮೂಗುತಿಯ ತಂತಿಯಷ್ಟೇ ತೆಳ್ಳಗೆ.
ಒಂದು ಮಧ್ಯಾಹ್ನದ ಮಟ್ಟಿಗೆ ಅದನ್ನು ನೋಡುವವರು ನಾವಿಬ್ಬರೇ.
ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಬೆವರು
ಬಣ್ಣದಡಿ ಕೂತು, ವರ್ಷ ಕಳೆದು ತುಕ್ಕಾಗಿ ಏಳುತ್ತದೆ.

ಕೆಳಗಿನ ಕೊಳವೆ, ತಲೆಯಿಂದ ಮೂರು ಬೆರಳು ಹಿಂದೆ,
ಮರಳಿನ ಸದ್ದು ಬದಲಾಯಿತು. ಮಂದವಾಯಿತು.
ಪುಟ್ಟಿ.
ಕಡಲೆಹಿಟ್ಟಿನ ಬಣ್ಣದ್ದು, ಹೆಂಟೆ ಹೆಂಟೆಯಾಗಿ ಉದುರಿತು.
ಅದರಡಿ ಉಕ್ಕು ಸುಕ್ಕಾಗಿತ್ತು
ಮೊಣಕೈಯ ಒಳಮಡಿಕೆಯ ಹಾಗೆ.
ಎದುರಿಗೇನಕ್ಕೋ ಜೋರಾಗಿ ಗುದ್ದಿದ ಸೈಕಲ್ಲಿಗೆ
ಆಗುವುದು ಇದೇ, ಇಲ್ಲೇ.
ಯಾರೋ ಜೋಪಾನವಾಗಿ ತುಂಬಿ, ಉಜ್ಜಿ,
ಉಗುರಿಗೂ ಸಿಗದಂತೆ ನಯ ಮಾಡಿ
ಕಪ್ಪು ಬಳಿದಿದ್ದರು.

ನಮ್ಮ ಸೋದರಮಾವ ಖಾದರಸಾಬ ಗಜೇಂದ್ರಗಡದಲ್ಲಿ ಕಲಾಯಿ ಹಾಕುತ್ತಿದ್ದ.
ತೂತಿನ ಪಾತ್ರೆ ಬಂದರೆ ಮನೆಯವರನ್ನು ಕರೆದು,
ಬಿಸಿಲಿಗೆ ಹಿಡಿದು, ತೂತಿನೊಳಗಿಂದ ಸೂರ್ಯನನ್ನು ತೋರಿಸಿಯೇ
ತಿದಿ ಒತ್ತುತ್ತಿದ್ದ.
‘ಮುಚ್ಚೂದು ನನ್ನ ಕೆಲಸ ಖರೆ. ಮುಚ್ಚಿಡೂದಲ್ಲ.’

ಫೋನು ಮಾಡಿದೆ. ಈ ಪುಟ್ಟಿ ಇನ್ನೂರು ಡಿಗ್ರಿ ತಾಳುವುದಿಲ್ಲ, ಅಂದೆ,
ಹೇಡಿಯ ಹಾಗೆ ಅಲ್ಲಿಂದ ಶುರು ಮಾಡಿ.
ಎನಿಡ್ ಬಹಳ ಹೊತ್ತು ಮಾತಾಡಲಿಲ್ಲ.
ಅವಳ ಕೆಟಲು ಕುದಿದು ತಾನೇ ಸುಮ್ಮನಾದದ್ದು ಕೇಳಿಸಿತು.

‘ಎಪ್ಪತ್ತೊಂದು,’ ಅಂದಳು. ‘ಕೈ ಜೋಲಿಯಲ್ಲಿತ್ತು.
ಏಣಿಯಿಂದ ಬಿದ್ದೆ ಅಂದ.
ಬಸ್ಸಿನಲ್ಲಿ ಹೋಗು, ಈ ಸೈಕಲ್ಲು ಮಾರು ಅಂತ
ಆ ಚಳಿಗಾಲವೆಲ್ಲ ಗೋಳು ಹೊಯ್ದುಕೊಂಡಿದ್ದೆ ನಾನು.
ನಮ್ಮ ಮನೆಯಲ್ಲಿ ಏಣಿಯೇ ಇರಲಿಲ್ಲ.
ಪಕ್ಕದ ಮನೆಯದಿರಬೇಕು ಅಂದುಕೊಂಡೆ.’

ಓಡಿಸಲು ಇನ್ನು ಆಗದು, ಅಂದೆ.
‘ಈ ಸೊಂಟಕ್ಕೆ ನಾನೆಲ್ಲಿ ಓಡಿಸಲಿ? ಗೋಡೆಗೆ ಹಾಕುತ್ತೇನೆ.
ಮತ್ತೆ ತುಂಬಬೇಡ ಅದನ್ನು.’
ಸರಿ. ಕಪ್ಪೇ ತಾನೆ?
‘ಅವನನ್ನು ಕೇಳಿ ಕೇಳಿ ಸಾಕಾಯಿತು. ಹಳದಿ ಇದೆಯಾ?’

ಮರೆಗಳಿಗೆ ರಬ್ಬರಿನ ಬಿರಡೆ ಹಾಕಿದೆ.
ಕೊಕ್ಕೆ ಉಜ್ಜಿ ತೂಗುಹಾಕಿ ಅರ್ಥ್ ತಂತಿ ಕಚ್ಚಿಸಿದೆ.
ನಮ್ಮೂರ ವೈರ್‌ಮನ್ನಿನ ಬಾಯಲ್ಲಿ ಅದು ‘ಅರ್ಥ’:
ಅರ್ಥ ಸಿಗದೆ ಹಿಟ್ಟು ಕಬ್ಬಿಣವನ್ನು ಹಿಡಿಯುವುದಿಲ್ಲ.
ಎಲ್ಲ ಕಡೆ ಹಿಡಿಯಿತು. ಸುಕ್ಕಿನೊಳಗೆ ಮಾತ್ರ ಇಳಿಯಲೊಲ್ಲದು,
ಅಂಚಿಗೇ ಹಾರಿ ಹಾರಿ ಕೂರುತ್ತದೆ.
ವೋಲ್ಟೇಜು ಇಳಿಸಿ, ಹತ್ತಿರ ಬಂದು,
ಕೂಸಿನ ಕತ್ತಿನ ಮಡಿಕೆಗೆ ಪೌಡರ್ ಹಚ್ಚುವ ಹಾಗೆ
ಮೆಲ್ಲಗೆ ಊದಿದೆ.

ಓವನ್ನಿನ ಗಾಜಿನಾಚೆ ಹಿಟ್ಟು ಮೊದಲು ಬೆವರಿತು, ಆಮೇಲೆ ಹರಿಯಿತು.
ತರ್ಸೇಮ ಚೀಟಿ ಬರೆಯುತ್ತ ಕೇಳಿದ,
ಈ ಸುಕ್ಕಿಗೆ ಏನಂತ ಬರೆಯಲಿ? ನಾಳೆ ನಮ್ಮ ತಲೆಗೆ ಕಟ್ಟಿಯಾಳು.
ಬರೆ ಅಂದೆ:

ಹಳದಿ, ಅರೆಹೊಳಪು. ಒಂದು ಫ್ರೇಮು.
ಸುಕ್ಕು: ಗಿರಾಕಿಗೆ ಗೊತ್ತಿದೆ.