ಎದುರು ಬಿಸಿಲು

ಕಾರವಾರದ ಕಡಲು ಇರುವುದು ಪಡುವಣಕ್ಕೆ.
ವಿಮಾನದಾಟಕ್ಕೆ ಹೊತ್ತು ಗೊತ್ತುಮಾಡಿದವರಿಗೆ
ಇದು ಹೊಳೆದಿರಲಿಕ್ಕಿಲ್ಲ.
ಮೂರೂವರೆಯ ಮೇಲೆ ಇಲ್ಲಿ ಹಾರುವುದೆಲ್ಲ
ಕಾಗೆಯೇ.

ಹನ್ನೊಂದಕ್ಕೇ ಬಂದು ಜಾಗ ಹಿಡಿದಿದ್ದೆ,
ಕೋಡಿಬಾಗದ ಸ್ಟುಡಿಯೋಕ್ಕೆ ಬೀಗ ಜಡಿದು.
ಇಪ್ಪತ್ತೆರಡು ವರ್ಷ ಪಾಸ್‌ಪೋರ್ಟ್ ಸೈಜು, ಸೀಮಂತ,
ತೀರಿಕೊಂಡವರ ಗುಂಪುಚಿತ್ರದಿಂದ
ಮುಖವೊಂದನ್ನೇ ಕಿತ್ತು ದೊಡ್ಡದು ಮಾಡಿಕೊಡುವುದು.
"ಗದ್ದ ಸ್ವಲ್ಪ ಮೇಲೆ, ಹಾಂ, ಅಲ್ಲಾಡಬೇಡಿ"
ಅನ್ನುತ್ತ ಬಂದವನು.
ಇವತ್ತು ಯಾರೂ ಹೇಳದೆ
ಇಡೀ ಊರೇ ಗದ್ದವೆತ್ತಿ ನಿಂತಿತ್ತು.

ಮಡಗಾಂವದ ಇನಾಸನ ಲೆನ್ಸು, ದಿನಬಾಡಿಗೆ ಸಾವಿರದಿನ್ನೂರು.
ಬಾಣಂತಿ ಕೂಸಿನ ಹಾಗೆ ಹಿಡಿಯಬೇಕು ಅದನ್ನ,
ಕತ್ತಿನ ಕೆಳಗೆ ಅಂಗೈ ಕೊಟ್ಟು.
ಬೆನ್ನಿಗೆ ಅಂಕೋಲೆ ಬಸ್ಸಿಳಿದ ಒಂದು ಸಂಸಾರ,
ಅಪ್ಪನ ಹೆಗಲೇರಿದ ಪೋರನ ಚಪ್ಪಲಿ
ನನ್ನ ಕಿವಿಗೆ, ಒಮ್ಮೆ ಅಲ್ಲ, ಪ್ರತಿ ಸುತ್ತಿಗೂ.
ಶೇಂಗಾ ಪೊಟ್ಟಣ, ಸುಂಕದ ಮರಳು, ಬೆವರು,
"ಏ ಛತ್ರಿ! ಛತ್ರಿ ಮಡಚ್ರೋ!"

ಮೊದಲು ಬರುವುದು ಅದು.
ಸದ್ದು ಆಮೇಲೆ.
ಸದ್ದು ಬಂದ ಕಡೆ ತಿರುಗಿದವನಿಗೆ
ಸಿಗುವುದು ತೊಳೆದಿಟ್ಟ ಆಕಾಶ.
ಇಷ್ಟು ಕಲಿಯಲಿಕ್ಕೆ ನನಗೆ
ಮೂರು ಸುತ್ತು, ಎಂಬತ್ತು ಚಿತ್ರ ಹಿಡಿಯಿತು.
ಹೆಲಿಕಾಪ್ಟರಿನದು ಇನ್ನೊಂದು ತಕರಾರು.
ಷಟರ್ ಚುರುಕಾದರೆ ರೆಕ್ಕೆ ನಿಂತುಬಿಡುತ್ತದೆ,
ಗೋಡೆಗೆ ಮೊಳೆ ಹೊಡೆದ ಆಟಿಕೆ.
ನಿಧಾನ ಮಾಡಿದರೆ ರೆಕ್ಕೆ ತಿರುಗುತ್ತದೆ,
ಕೈ ನಡುಗಿದ್ದೂ ಕಾಣುತ್ತದೆ.
ಜೀವ ಇರುವ ಚಿತ್ರ ಬೇಕೆಂದರೆ
ಅಷ್ಟು ನಡುಕ ಒಪ್ಪಿಕೊಳ್ಳಬೇಕು.

ಎರಡು ಬಂದವು ಆಗ, ದೇವಗಡದ ದೀಪಸ್ತಂಭದ ಮೇಲಿಂದ,
ನೀರಿಗೆ ಹೊಟ್ಟೆ ತಾಗಿಸುವಷ್ಟು ಕೆಳಗೆ.
ದೋಣಿಗಳ ಬಾವುಟ ಒಮ್ಮೆಲೇ ಬಡಿದುಕೊಂಡವು.
ಪಕ್ಕದಲ್ಲಿ ಮೀನುಬುಟ್ಟಿ ಕವುಚಿ ಕೂತಿದ್ದ
ಸೋಮಿ ಹರಿಕಂತ್ರ ಎದ್ದು ನಿಂತು
ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.
ತಟ್ಟಿ, ಸೆರಗಲ್ಲಿ ಮುಖ ಒರೆಸಿ, ಕೇಳಿದಳು:
"ತಮಾ, ಮೇಲಿದ್ದವನಿಗೆ ಅರಗಾ ಕಾಣ್ತದ್ಯಾ?"

ಬೈತಖೋಲದ ಗುಡ್ಡ ಅಡ್ಡ.
ಅದರಾಚೆ ಬಿಣಗಾ, ಅದರಾಚೆ ಬೇಲಿ,
ಬೇಲಿಯೊಳಗೆ ಅವಳು ಹುಟ್ಟಿದ ಮನೆಯ ಅಡಿಪಾಯ,
ಇದ್ದರೆ.
"ಮನೆ ಇಲ್ಲ, ಗೊತ್ತು. ದುಡ್ಡೂ ಬಂತು, ಖರ್ಚೂ ಆಯ್ತು.
ಬಾವಿ ಮುಚ್ಚಿದಾರಾ ಇಲ್ವಾ,
ಅಷ್ಟೇ ಕೇಳ್ಬೇಕಿತ್ತು.
ಬೇಸಿಗೇಲೂ ಸಿಹಿನೀರು, ಸಮುದ್ರದಿಂದ ಹತ್ತೇ ಮಾರು."

ಏನು ಹೇಳಲಿ? ಲೆನ್ಸು ಗುಡ್ಡದ ಕಡೆ ತಿರುಗಿಸಿ
ಕಣ್ಣಿಟ್ಟು ನೋಡು ಅಂದೆ.
ನೋಡಿದಳು, ಬಾಯಿ ತೆರೆದು, ಬಹಳ ಹೊತ್ತು.
"ಎಲ್ಲಾ ಹತ್ರ ಬಂತು.
ಆಚೆಗಿನದು ಬರ್ಲಿಲ್ಲ."
ಅವಳ ಬೆರಳು ಎಲ್ಲೋ ಒತ್ತಿತು, ಕ್ಯಾಮೆರಾ ಕಟಕಟ ಅಂದಿತು.

ಅದೇ ಗಳಿಗೆ ಹಿಂದೆ ಜನಸಾಗರ ಹೋ ಎಂದದ್ದು.
ತಿರುಗಿದೆ. ಹೊಗೆಯ ಎರಡು ಗೀಟು,
ಒಂದನ್ನೊಂದು ಕತ್ತರಿಸಿ, ಆಗಲೇ ಅಗಲವಾಗುತ್ತ.
ಅದೇ ಆಟದ ತುದಿ. ಅದಕ್ಕೇ ಬಾಡಿಗೆ ತಂದದ್ದು ಲೆನ್ಸು.
ಪೋರ ಮೇಲಿಂದ ಬಗ್ಗಿ ಹೇಳಿದ,
"ಅಂಕಲ್, ನಿಮ್ಗೆ ಮಿಸ್ಸಾಯ್ತು."

ರಾತ್ರಿ ಕೂತು ಅಳಿಸಿದೆ. ಒಂಬೈನೂರರಲ್ಲಿ ಉಳಿದದ್ದು ಹದಿನಾಲ್ಕು.
ಅವಳು ಒತ್ತಿದ್ದು ಆರು:
ಓರೆಯಾದ ಗುಡ್ಡ, ಗುಡ್ಡ, ಅರ್ಧ ಬೆರಳು, ಗುಡ್ಡ,
ಒಂದರಲ್ಲಿ ಗರುಡ, ರೆಕ್ಕೆ ಅಲ್ಲಾಡಿಸದೆ
ಆಚೆಗೆ ಇಳಿಯುತ್ತಿರುವುದು.

ಅದನ್ನು ದೊಡ್ಡದು ಮಾಡಿ ಮೇಜಿನ ಗಾಜಿನಡಿ ಇಟ್ಟಿದ್ದೇನೆ.
ಮೀನುಪೇಟೆಯಲ್ಲಿ ಎರಡು ಸಲ ಸಿಕ್ಕಳು,
ಬರ್ತೆ ತಮಾ ಅಂದಳು, ಬಂಗಡೆ ಕೊಟ್ಟಳು,
ಬರಲಿಲ್ಲ.
ಫೋಟೋಕ್ಕೆ ಬಂದವರು ತಲೆ ಬಾಚಿಕೊಳ್ಳುತ್ತ ಕೇಳುತ್ತಾರೆ,
ಏರ್‌ಶೋದ್ದಾ ಇದು? ವಿಮಾನ ಎಲ್ಲಿ?
ಗುಡ್ಡದಾಚೆ, ಅನ್ನುತ್ತೇನೆ.