ಗುಲಾಬಿ ಹಿತ್ತಾಳೆ

ಹೆಸರಿಗಷ್ಟೇ ಕಟ್ಟುಮರ.
ಇದರಲ್ಲಿ ಕಟ್ಟಿದ್ದೂ ಇಲ್ಲ, ಮರವೂ ಇಲ್ಲ;
ಗಾಜಿನ ನಾರು, ಅಂಟು, ಎರಡು ಬಿಳಿ ಒಡಲು,
ನಡುವೆ ಗಾಳಿಗೆ ಬಿಟ್ಟ ಜಾಗ.

ಬಲದ ಒಡಲು ಸೋರುತ್ತಿತ್ತು.
ಸ್ವಾಜಿಗ್ ಬರೆದಿಟ್ಟಿದ್ದಳು ಪುಟ್ಟ ಪುಸ್ತಕದಲ್ಲಿ:
ನವೆಂಬರಿನಲ್ಲಿ ಒಂದು ಸ್ಪಂಜು,
ಫೆಬ್ರವರಿಯಲ್ಲಿ ಮೂರು ಬಕೆಟ್ಟು,
ಈಸ್ಟರಿನ ಮುಂಜಾನೆ ಹನ್ನೊಂದು.
ಅಕ್ಷರ ಮಾತ್ರ ಎಲ್ಲೂ ನಡುಗಿಲ್ಲ;
ಮೂವತ್ತು ವರ್ಷ ಸಿಂಪಿಚಿಪ್ಪು ಮಾರಿ
ಡಜನ್ನಿನ ಲೆಕ್ಕ ಬರೆದ ಕೈ.

ಬ್ರಿಟನಿಯ ಈ ಅಳಿವೆಯಲ್ಲಿ
ನೀರು ಐದಾಳು ಏರುತ್ತದೆ, ಐದಾಳು ಇಳಿಯುತ್ತದೆ.
ಹುಣ್ಣಿಮೆ ಕಳೆದ ಎರಡನೇ ದಿನ
ಗೂಲ್ವೆನ್ ಟ್ರ್ಯಾಕ್ಟರನ್ನು ಹಿಂದುಹಿಂದಾಗಿ ನೀರಿಗಿಳಿಸಿದ,
ಹಿಂದೆ, ಮುಳುಗಿದ ಕಬ್ಬಿಣದ ತೊಟ್ಟಿಲು.
"ಎಡಕ್ಕೆ! ಇನ್ನೊಂದು ಗೇಣು ಎಡಕ್ಕೆ!"
ಹದಿನೇಳರ ಮಾಲೋ, ಹಗ್ಗ ಹಿಡಿದು ಎದೆಮಟ್ಟ ನಿಂತವನು,
ತನ್ನ ಎಡವೋ ದೋಣಿಯ ಎಡವೋ ತಿಳಿಯದೆ
ಎರಡೂ ಕಡೆ ಎಳೆದ.
ಸರಿಯಾಗಿಯೇ ಕೂತಿತು. ಹೇಗೆಂದು ಯಾರೂ ಕೇಳಲಿಲ್ಲ.

ನೀರಿನಲ್ಲಿ ಬಾತುಕೋಳಿ; ನೆಲಕ್ಕೆ ಬಂದರೆ ಮನೆಯಷ್ಟು ಭಾರ.
ಹೊಟ್ಟೆಯಡಿ ಜೋತ ಪಾಚಿಯಿಂದ
ಒಂದು ಮರಿ ಏಡಿ ಜಾರಿ,
ಈ ಜಲ್ಲಿ ಯಾವಾಗ ಬಂತೆಂದು ಅಡ್ಡಡ್ಡ ಓಡಿತು.

ಬಿರುಕು ಹುಡುಕಿದರು ಎರಡು ದಿನ.
ಕೆರೆದರು. ಸುತ್ತಿಗೆಯ ಹಿಡಿಯಿಂದ ತಟ್ಟಿ ತಟ್ಟಿ ಕೇಳಿದರು,
ಕಲ್ಲಂಗಡಿ ಕೊಳ್ಳುವವರ ಹಾಗೆ.
ಎಲ್ಲೆಲ್ಲೂ ಗಟ್ಟಿ ದನಿ.
ಒಳಗುಳಿದ ನೀರಿಗೆ ಮಾಲೋ ಬೆರಳದ್ದಿ ನೆಕ್ಕಿದ:
"ಉಪ್ಪು. ಟ್ಯಾಂಕಿನದಲ್ಲ, ಸಮುದ್ರದ್ದೇ."
ಗೊತ್ತಿದ್ದದ್ದೇ; ಆದರೂ ಗೂಲ್ವೆನ್ ತಲೆಯಾಡಿಸಿದ.

ಕೊನೆಗೆ ಸ್ವಾಜಿಗಳೇ ಪೈಪು ಎಳೆದು ತಂದಳು.
ಒಳಬರುವ ದಾರಿ ಕಾಣದಿದ್ದರೆ
ಒಳಗೇ ತುಂಬಿಸಿ, ಹೊರಗೆ ಕಾಯಬೇಕು.
ಮೊಣಕಾಲುದ್ದ ಸಿಹಿನೀರು ಒಡಲೊಳಗೆ,
ಕೆಳಗೆ ಮೂವರೂ ಅಂಗಾತ, ಟಾರ್ಚು ಹಿಡಿದು,
ಬೆಣ್ಣೆ ಬಿಸ್ಕತ್ತು ತಿನ್ನುತ್ತ.
ಮುಕ್ಕಾಲು ಗಂಟೆಗೆ ಒಂದು ಹನಿ:
ಟಾಯ್ಲೆಟ್ಟಿಗೆ ನೀರೆಳೆಯುವ ತೂತಿನಂಚಿನಲ್ಲಿ
ಹುಟ್ಟಿ, ಯೋಚಿಸಿ,
ಮಾಲೋನ ಹಣೆಗೆ ಬಿತ್ತು.

ಗೂಲ್ವೆನ್ ಚಾಕುವಿನಿಂದ ಗೀರಿದ.
ಹಳದಿಯಿರಬೇಕಾದ ಹಿತ್ತಾಳೆ
ಗುಲಾಬಿ, ಮಗುವಿನ ಒಸಡಿನ ಬಣ್ಣ.
"ಸತುವನ್ನೆಲ್ಲ ಸಮುದ್ರ ತಿಂದಿದೆ.
ಉಳಿದದ್ದು ತಾಮ್ರದ ರಸ್ಕು."
ಇಕ್ಕಳ ಹಾಕಿದ. ತಿರುಗಲಿಲ್ಲ, ಮುರಿಯಿತು.

ಹೊಸದು ಕಂಚಿನದು. ಅಂಟು ಒಣಗುವ ತನಕ
ಸುಮ್ಮನಿರಬೇಕಾದ ಗೂಲ್ವೆನ್
ಸುಮ್ಮನಿರದೆ ಎಡದ ಒಡಲಿನಡಿ ನುಸುಳಿದ.
"ಅದು ಸೋರುವುದಿಲ್ಲ" ಎಂದಳು ಸ್ವಾಜಿಗ್,
ಒಳ್ಳೆಯ ಮಗನ ಪರ ವಹಿಸುವ ಹಾಗೆ,
"ಹನ್ನೆರಡು ವರ್ಷದಲ್ಲಿ ಒಂದು ಹನಿ ಇಲ್ಲ."
ಗೀರಿದ.
ಗುಲಾಬಿ.
ಒಂದೇ ದಿನ ಕೂರಿಸಿದ್ದು ಎರಡನ್ನೂ, ಒಂದೇ ಪೆಟ್ಟಿಗೆಯಿಂದ ತೆಗೆದು.

ಬಹಳ ಹೊತ್ತು ನೋಡುತ್ತ ನಿಂತಳು.
ಇಷ್ಟು ದಿನ ಬೈದದ್ದೆಲ್ಲ ಬಲಕ್ಕೆ;
ಮಲಗಿದ್ದು ಎಡದಲ್ಲಿ.

ಬಿಲ್ಲು ಎರಡರಷ್ಟಾಯಿತು.
ಅಮಾವಾಸ್ಯೆಯ ಉಬ್ಬರಕ್ಕೆ, ಬೆಳಗಿನ ಏಳಕ್ಕೆ ಇಳಿಸಿದರು.
ತೇಲಿದ ಕೂಡಲೇ ನೆಲಹಲಗೆ ಎತ್ತಿ
ಸ್ಪಂಜು ಹಿಡಿದೇ ಬಗ್ಗಿದಳು, ಅಲ್ಲಿ, ಆಮೇಲೆ ಇಲ್ಲಿ.
ಪುಸ್ತಕ ತೆರೆದಳು:

ಎಡ: ಒಣ. ಬಲ: ಒಣ. ಮೊಣಕೈ: ನೋವು.

ಪೆನ್ನು ಮುಚ್ಚಿ, ಮತ್ತೆ ತೆಗೆದು:

ಸಂಜೆ ಇನ್ನೊಮ್ಮೆ ನೋಡುವುದು.