ಮೂರನೇ ಪಿಸ್ಟನ್ನಿನ ರಿಂಗು

ಕೆಮಿಯಾರ್ವಿಯಲ್ಲಿ ಮಾರ್ಚ್ ಅಂದರೂ ಚಳಿಗಾಲವೇ.
ಸರೋವರದ ಮೇಲೆ ಇನ್ನೂ ಕಾರು ಓಡಿಸಬಹುದು.
ಗ್ಯಾರೇಜಿನ ಬಾಗಿಲು ಹೆಪ್ಪುಗಟ್ಟಿ
ಒದ್ದರೆ ಮಾತ್ರ ತೆರೆಯುತ್ತದೆ.
ಒಳಗೆ ನಾನು, ಅಕ್ಕ ತೂಲಿಕ್ಕಿ,
ಮತ್ತೆ ಎಪ್ಪತ್ನಾಲ್ಕನೇ ಇಸವಿಯ ಡಾಟ್ಸನ್,
ಹಲ್ಲು ಕೀಳಿಸಿಕೊಳ್ಳಲು ಕೂತ ಮುದುಕನ ಹಾಗೆ
ಬಾನೆಟ್ ತೆರೆದು.

ಮಾತು ಬಿಟ್ಟು ಎರಡು ವರ್ಷ.
ಕಾರಣ ಕೇಳಬೇಡಿ. ಒಂದು ದೋಣಿ, ಒಂದು ಸಹಿ,
ಅವಳ ಗಂಡ ಆಡಿದ ಒಂದು ಮಾತು,
ನಾನು ಆಡಿದ ಮೂರು.
ಕಾರು ಮಾತ್ರ ಇಬ್ಬರ ಹೆಸರಿನಲ್ಲಿತ್ತು.
ಪಾಲು ಮಾಡಲು ಗರಗಸ ಬೇಕಿತ್ತು;
ಅವಳು ಸ್ಪ್ಯಾನರ್ ಸೆಟ್ಟು ತಂದಳು.

ಹಾಗಾಗಿ ನಮ್ಮ ನಡುವೆ ಬರೀ ಅಂಕಿ.
"ಹದಿನಾಲ್ಕು." ಸ್ಪ್ಯಾನರ್ ಕೈಗೆ ಬರುತ್ತದೆ.
"ಹನ್ನೆರಡು."
"ಸೊನ್ನೆ ಪಾಯಿಂಟ್ ಮೂರು ಐದು."
ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ
ಒಬ್ಬಳು ಹೇಳುವುದು, ಒಬ್ಬಳು ಕೊಡುವುದು.
ದಯವಿಟ್ಟು ಅನ್ನುವ ಪದ
ನಮ್ಮ ಭಾಷೆಯಲ್ಲೇ ಇಲ್ಲ; ಅದೊಂದು ಅನುಕೂಲ.

ಸಿಲಿಂಡರುಗಳನ್ನು ಒಂದು ಮಿಲಿಮೀಟರ್ ಹಿಗ್ಗಿಸಿದ್ದಾಯ್ತು,
ರೋವಾನಿಯೆಮಿಯ ಒಬ್ಬ ಕಿವುಡ ಕೊರೆದುಕೊಟ್ಟ.
ಹೆಡ್ಡನ್ನು ಎಂಟು ಕೂದಲೆಳೆಯಷ್ಟು ಹೆರೆಸಿದ್ದಾಯ್ತು.
ಗಾಳಿ ಒಳಗೆ ಹೋಗುವ ದಾರಿಯನ್ನು ನಾನೇ ಉಜ್ಜಿದೆ,
ಕಡ್ಡಿಗೆ ಮರಳುಕಾಗದ ಸುತ್ತಿ, ಏಳು ರಾತ್ರಿ,
ಎಲ್ಲಿ ಎಡವುತ್ತದೋ ಎಂದು
ಕಿರುಬೆರಳು ತೂರಿ ತೂರಿ ನೋಡುತ್ತ.

ಪಿನ್ನುಗಳು ಒಂದಿರುಳು ಫ್ರೀಜರಿನಲ್ಲಿ ಮಲಗಿದವು,
ಕಾಡುಹಣ್ಣಿನ ಡಬ್ಬಿಗೂ ಹಿಮಸಾರಂಗದ ತೊಡೆಗೂ ನಡುವೆ.
ಪಿಸ್ಟನ್ನುಗಳಿಗೆ ಸೌನಾ:
ಮೇಲಿನ ಹಲಗೆಗೆ ಟವೆಲ್ ಹಾಸಿ
ನಾಲ್ಕೂ ಸಾಲಾಗಿ, ತೊಂಬತ್ತು ಡಿಗ್ರಿ.
ಕೆಳಗಿನ ಹಲಗೆಯಲ್ಲಿ ನಾವಿಬ್ಬರು ಕಾವಲು, ಬೆವರುತ್ತ.
ನೀರು ಎರಚಬೇಡ ಎಂದು ಅವಳು ಕಣ್ಣಲ್ಲೇ ಗದರಿದಳು.
ಹಿಗ್ಗಿದ್ದು ಕುಗ್ಗಿದ್ದನ್ನು ಒಳಗೆ ಬಿಟ್ಟುಕೊಂಡಿತು,
ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ.
ಇದರಲ್ಲಿ ನೀತಿ ಹುಡುಕಬೇಡಿ.
ಬಿಸಿಗೆ ಅಲ್ಯೂಮಿನಿಯಂ ಹಾಗೆಯೇ.

ಆಮೇಲೆ ರಿಂಗು.
ಮೂರನೇ ಪಿಸ್ಟನ್ನು, ಎಲ್ಲಕ್ಕಿಂತ ಮೇಲಿನದು.
ಕೈ ಬೆವರಿತ್ತೋ, ಮರಗಟ್ಟಿತ್ತೋ,
ಹೆಬ್ಬೆರಳು ಒಂದಿಷ್ಟು ಹೆಚ್ಚೇ ಅಗಲಿಸಿತೋ,
ಟಣ್.
ಬಳೆ ಒಡೆದ ಸದ್ದು.

ಅಕ್ಕ ತುಂಡುಗಳನ್ನು ನೋಡಿದಳು.
ಹೀಟರಿನ ಕೆಂಪು ಸುರುಳಿ ನೋಡಿದಳು.
"ಪೆರ್ಕೆಲೆ" ಅಂದಳು,
ನಡುವಿನ ರಕಾರವನ್ನು ಮೆಟ್ಟಿಲ ಮೇಲೆ ಡ್ರಮ್ಮಿನಂತೆ ಉರುಳಿಸಿ.
ಎರಡು ವರ್ಷದಲ್ಲಿ
ಅಂಕಿಯಲ್ಲದ ಮೊದಲ ಮಾತು.

ನಾನು ನಕ್ಕುಬಿಟ್ಟೆ. ಅವಳು ಇನ್ನಷ್ಟು ಬೈದಳು,
ನನ್ನ ಬೆರಳನ್ನು, ಜಪಾನನ್ನು, ಅಂಚೆಯವರನ್ನು,
ಆ ದೋಣಿಯನ್ನು, ಕೊನೆಗೆ ತನ್ನ ಗಂಡನನ್ನೂ.
ಸಂಪಿನ ಬಿರಡೆ ಕಿತ್ತಾಗ
ಕರಿ ಎಣ್ಣೆ ಮೊದಲು ಧಾರೆಯಾಗಿ,
ಆಮೇಲೆ ದಾರವಾಗಿ,
ಆಮೇಲೆ ತೊಟ್ಟು, ತೊಟ್ಟು.
ನಾನು ಕಾಫಿಗಿಟ್ಟೆ.

ಹೊಸ ರಿಂಗು ಬರಲು ಹದಿನೇಳು ದಿನ.
ಅಷ್ಟು ದಿನವೂ ಅವಳು ಬಂದಳು,
ಬಿಚ್ಚಲು ಏನೂ ಇಲ್ಲದಿದ್ದರೂ.
ಬೋಲ್ಟುಗಳನ್ನು ಒರೆಸಿದ್ದನ್ನೇ ಒರೆಸಿದೆವು.

ಏಪ್ರಿಲ್ ಹನ್ನೊಂದು. ಐಸಿನ ಮೇಲೆ ನೀರು ನಿಂತಿತ್ತು.
ಮೊದಲ ಸಲ ಬರೀ ಕೆಮ್ಮು.
ಎರಡನೇ ಸಲ ಕಾರ್ಬುರೇಟರಿನಿಂದ ನೀಲಿ ಬೆಂಕಿ,
ನನ್ನ ಬಲಗಡೆಯ ಹುಬ್ಬು ಅರ್ಧ ಹೋಯಿತು.
ಮೂರನೇ ಸಲ
ಹಿಡಿಯಿತು. ತಗಡಿನ ಗೋಡೆ ನಡುಗಿತು,
ಮೊಳೆಗೆ ತೂಗುಬಿಟ್ಟ ಗ್ಯಾಸ್ಕೆಟ್ಟುಗಳು ಕುಣಿದವು,
ಪಕ್ಕದ ಮನೆಯ ಅರ್ವೋ ಕಿಟಕಿ ತೆರೆದ, ನೋಡಿದ,
ಮುಚ್ಚಿದ.

ಅಕ್ಕ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ತುದಿಯನ್ನು ವಾಲ್ವ್ ಕವರಿಗೆ ಊರಿ
ಬಹಳ ಹೊತ್ತು ಆಲಿಸಿದಳು.
"ಆರಿಸು," ಅಂದಳು.
"ಮೂರರಲ್ಲಿ ಏನೋ ಟಿಕ್ ಟಿಕ್ ಅನ್ನುತ್ತಿದೆ.
ನಾಳೆ ಮತ್ತೆ ಬಿಚ್ಚೋಣ."

ಮೇಜಿನ ಮೇಲೆ ಒಂದು ವಾಷರ್ ಉಳಿದಿತ್ತು,
ಎಲ್ಲಿಯದೆಂದು ಇಬ್ಬರಿಗೂ ಗೊತ್ತಿಲ್ಲ.
ಅದನ್ನವಳು ಸಕ್ಕರೆ ಡಬ್ಬಿಗೆ ಹಾಕಿ
ಮುಚ್ಚಳ ತಿರುಗಿಸಿದಳು,
ಕೈಯಿಂದಲೇ, ಜಾಸ್ತಿ ಬಿಗಿಯಾಗದ ಹಾಗೆ.